ಕೂಸು ಹುಟ್ಟಿದ ಮೇಲೆ ಗಂಡ ಸರಿಹೋಗ್ತಾನಾ?

“ಅಕ್ಕಾರ, ನನ್ನ ತಂಗಿಗೆ ಈಗ ಆರು ತಿಂಗಳು. ಗಂಡ ಕೈ ಮಾಡ್ತಾನ. ಕೂಸು ಹುಟ್ಟಿದ ಮ್ಯಾಲೆ ಸರಿಹೋಗ್ತಾನ ಅಂತ ಮನ್ಯಾಗ ಎಲ್ಲಾರೂ ಹೇಳ್ತಾರ. ಅಲ್ಲೀತನಕ ತಡ್ಕೊಳ್ಳೋದ ಚೊಲೋ ಏನ್ರಿ?”

ಈ ಪ್ರಶ್ನೆ ಜಮಖಂಡಿಯಿಂದ ಬಂದಿದೆ. ಹೋದ ತಿಂಗಳು ಮುಧೋಳದಿಂದ ಬಂದಿತ್ತು, ಅದಕ್ಕೂ ಮುಂಚೆ ಇಂಡಿಯಿಂದ. ಪ್ರತಿ ಸಲ ಉತ್ತರ ಬರೆದಿದ್ದೇನೆ. ಮತ್ತೆ ಬರೆಯುತ್ತೇನೆ. ಕಾಯಬೇಡಿ.

ಈ ಮಾತನ್ನು ಕುಬಸದ (ಸೀಮಂತದ) ದಿನ ಉಡಿ ತುಂಬುತ್ತಲೇ ಬಸುರಿಯ ಕಿವಿಯಲ್ಲಿ ಹೇಳುತ್ತಾರೆ. ಹೇಳುವವರು ಕೆಟ್ಟವರಲ್ಲ, ಅವರಿಗೂ ಯಾರೋ ಹಾಗೇ ಹೇಳಿದ್ದರು. ಆದರೆ ವಿಚಾರ ಮಾಡಿ. ಆ ಮನುಷ್ಯ ಸಿಟ್ಟು ಬಂದಾಗ ಸಾಲ ಕೊಟ್ಟವನಿಗೆ ಹೊಡೆಯುತ್ತಾನಾ? ಕೆಲಸ ಕೊಟ್ಟ ಸಾಹುಕಾರನಿಗೆ? ಇಲ್ಲ ಅಲ್ವಾ? ಅಂದರೆ ಸಿಟ್ಟು ತಡೆಯಲು ಅವನಿಗೆ ಬರುತ್ತದೆ. ಮನೆಯಲ್ಲಿ ತಡೆಯುವುದಿಲ್ಲ, ಯಾಕಂದ್ರೆ ಅಲ್ಲಿ ಕೇಳುವವರಿಲ್ಲ. ಕೂಸು ಬಂದು ಅವನನ್ನು ಕೇಳುತ್ತದಾ? ನಿದ್ದೆ ಕೆಡುತ್ತದೆ, ಖರ್ಚು ಏರುತ್ತದೆ. ಹೆಣ್ಣಾದರೆ ಅದಕ್ಕೂ ಅವಳನ್ನೇ ದೂರುತ್ತಾರೆ. (ಗಂಡೋ ಹೆಣ್ಣೋ ಅನ್ನುವುದು ಅಪ್ಪನ ವೀರ್ಯದಿಂದ ನಿರ್ಧಾರವಾಗುತ್ತದೆ. ಇದನ್ನೂ ಎಷ್ಟು ಸಲ ಬರೆದಿದ್ದೇನೋ!) ಬಾಣಂತನಕ್ಕೆ ತವರಿಗೆ ಬರ್ತಾಳಲ್ಲ ಅಂತೀರಿ. ಬರಲಿ, ಒಳ್ಳೇದು. ಕೆಲವು ತಿಂಗಳಾದ ಮೇಲೆ ತೊಟ್ಟಿಲ ಕೂಸಿನ ಜೊತೆ ಹೋಗುವುದು ಅದೇ ಮನೆಗೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ 100ಕ್ಕೆ ಸುಮಾರು 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಇವರೆಲ್ಲ ಮಕ್ಕಳಿಲ್ಲದವರಾ?

ನಾನು ನರ್ಸ್ ಆಗಿದ್ದಾಗ ಒಬ್ಬಳಿಗೆ ಬಿಪಿ ನೋಡಲು ರವಿಕೆಯ ತೋಳು ಮೇಲೆ ಸರಿಸಿದೆ. ಹಸಿರು ಬಳೆ ಮೊಣಕೈ ಕಡೆ ಜಾರಿದವು. ರಟ್ಟೆಯ ಮೇಲೆ ನಾಲ್ಕು ಬೆರಳಿನ ಗುರುತು. “ಬಚ್ಚಲದಾಗ ಜಾರಿ ಬಿದ್ದೆರಿ” ಅಂದಳು. ಅತ್ತೆ ಪಕ್ಕದಲ್ಲೇ ನಿಂತಿದ್ದರು. ಅತ್ತೆಯನ್ನು ಚೀಟಿ ಮಾಡಿಸಲು ಕಳಿಸಿದೆ. ಬಾಗಿಲು ಮುಚ್ಚಿದ ಮೇಲೆ ಅವಳು ಅತ್ತಳು.

ಅದಕ್ಕೇ ತಂಗಿಯನ್ನು ತಪಾಸಣೆಗೆ ನೀವೇ ಕರೆದುಕೊಂಡು ಹೋಗಿ. ಒಬ್ಬಳನ್ನೇ ಮಾತಾಡಿಸಿ ಅಂತ ಸಿಸ್ಟರ್‌ಗೆ ಹೇಳಿ. ಹೊಟ್ಟೆಗೆ ಪೆಟ್ಟು ಬಿದ್ದರೆ ರಕ್ತ ಕಾಣದಿದ್ದರೂ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗಿ. ಮಾಸು (ಪ್ಲಾಸೆಂಟಾ) ಗರ್ಭಕೋಶದಿಂದ ಒಳಗೇ ಬಿಟ್ಟುಕೊಂಡಿರಬಹುದು. ಜೀವಕ್ಕೆ ಭಯವಿದ್ದರೆ 112. ಮಹಿಳಾ ಸಹಾಯವಾಣಿ 181. ಪೊಲೀಸ್ ಬೇಡ ಅನಿಸಿದರೆ ಅಂಗನವಾಡಿ ನೋಡಿಕೊಳ್ಳುವ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಹತ್ತಿರ ಹೋಗಬಹುದು. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಅವರೇ ನಮ್ಮಲ್ಲಿ ಸಂರಕ್ಷಣಾಧಿಕಾರಿ. ಬೈಗುಳ, ದುಡ್ಡು ಕೊಡದೆ ಸತಾಯಿಸುವುದು ಕೂಡ ಆ ಕಾಯ್ದೆಯಲ್ಲಿ ಹಿಂಸೆಯೇ.

ಇನ್ನೊಂದು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹೊಡೆತ ತಿನ್ನುವ ಬಸುರಿಗೆ ಖಿನ್ನತೆ ಬರುವ ಸಾಧ್ಯತೆ ಜಾಸ್ತಿ, ಬಾಣಂತನದಲ್ಲೂ ಜಾಸ್ತಿ. ಕೂಸು ದಿನ ತುಂಬುವ ಮೊದಲೇ ಹುಟ್ಟಬಹುದು, ತೂಕ ಕಡಿಮೆ ಇರಬಹುದು. ನಿದ್ದೆ ಇಲ್ಲ, ಊಟ ಸೇರಲ್ಲ, ಸಾಯಬೇಕು ಅನಿಸುತ್ತೆ ಅಂದರೆ ‘ಬಸುರಿನ ಬಯಕೆ’ ಅಂತ ಸುಮ್ನೆ ಬಿಡಬೇಡಿ. 14416 ಟೆಲಿ ಮಾನಸ್, ಮನಸ್ಸಿನ ಆರೋಗ್ಯಕ್ಕೆ ಸರ್ಕಾರದ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೇಡ. ಮನಸ್ಸಿನ ಕಾಯಿಲೆಗೆ ಮೊದಲಿಂದ ಮಾತ್ರೆ ತಗೊಳ್ಳುತ್ತಿದ್ದರೆ ಬಸುರಾದೆ ಅಂತ ತಾನೇ ನಿಲ್ಲಿಸಬಾರದು. ಕೆಲವು ಮಾತ್ರೆ ಬದಲಿಸಬೇಕಾಗುತ್ತದೆ, ಕೆಲವು ಮುಂದುವರಿಸಬಹುದು. ಆ ಮಾತ್ರೆ ಹಾಳೆಯನ್ನು ತಾಯಿ ಕಾರ್ಡಿನ ಜೊತೆಗೇ ಚೀಲದಲ್ಲಿಟ್ಟುಕೊಂಡು ಹೋಗಿ, ಡಾಕ್ಟರಿಗೆ ತೋರಿಸಿ.