ಬರೆದರೆ ತಪ್ಪು ಒಪ್ಪಿಕೊಂಡಂತಲ್ಲ

ಜನವರಿ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಅಮೆರಿಕದ ಕಾರ್ಖಾನೆ, ಗೋದಾಮು, ನರ್ಸಿಂಗ್ ಹೋಮುಗಳ ಗಾಯದ ದಾಖಲೆ ಸರಿಯಾಗಿದೆಯಾ ಅಂತ ನೋಡಿಕೊಡುವುದು ನನ್ನ ಕೆಲಸ. ಗಾಯ ಒಂದೊಂದನ್ನೂ ಬರೆದಿಡುವ ಪಟ್ಟಿ ಫಾರ್ಮ್ 300, ಅದಕ್ಕೇ ಲಾಗ್ ಅನ್ನುವುದು. ಹಿಂದಿನ ವರ್ಷದ ಒಟ್ಟು ಲೆಕ್ಕವನ್ನು, ಅಂದರೆ ಫಾರ್ಮ್ 300ಎ ಅನ್ನು, ಫೆಬ್ರವರಿ 1ಕ್ಕೆ ಕೆಲಸಗಾರರ ಕಣ್ಣಿಗೆ ಬೀಳುವ ಕಡೆ ಹಚ್ಚಬೇಕು. ಏಪ್ರಿಲ್ 30ರವರೆಗೆ ಅದು ಅಲ್ಲೇ ಇರಬೇಕು. ಹಾಗಾಗಿ ಜನವರಿಯಲ್ಲೇ ಎಲ್ಲರಿಗೂ ಒಟ್ಟಿಗೆ ನೆನಪಾಗುತ್ತದೆ. ಕೇಳುವ ಪ್ರಶ್ನೆ ಮಾತ್ರ ಪ್ರತಿ ವರ್ಷವೂ ಒಂದೇ: "ಇದನ್ನ ಬರೀಲೇಬೇಕಾ?"

ಕೆಲವು ತಿಂಗಳ ಹಿಂದೆ ತಗಡಿನ ಕೆಲಸದ ಒಂದು ಶಾಪಿನ ಮ್ಯಾನೇಜರ್ ಆಸ್ಪತ್ರೆಯಿಂದಲೇ ಫೋನ್ ಮಾಡಿದರು. ಹುಡುಗನೊಬ್ಬನ ಅಂಗೈ ಸೀಳಿತ್ತು. ಡಾಕ್ಟರು ಹೊಲಿಗೆ ಹಾಕಬೇಕು ಅಂದಿದ್ದರು. "ಹೊಲಿಗೆ ಬೇಡ, ಟೇಪ್ ಹಾಕಿ ಅಂದ್ರೆ ಲಾಗಿಗೆ ಬರಲ್ಲ ಅಲ್ವಾ?" ಅಂತ ಕೇಳಿದರು. ನನಗೆ ನಿಜವಾಗಿ ಸಿಟ್ಟು ಬಂತು. ಅವರು ಕೆಟ್ಟವರಲ್ಲ. ಆ ಹುಡುಗನನ್ನು ತಮ್ಮ ಕಾರಿನಲ್ಲೇ ಕರೆದುಕೊಂಡು ಹೋದವರು, ನಾಲ್ಕು ಗಂಟೆ ಪಕ್ಕದಲ್ಲೇ ಕೂತಿದ್ದವರು. ಆದರೂ ತಲೆಯಲ್ಲಿ ಓಡುತ್ತಿದ್ದದ್ದು ಲಾಗಿನ ಒಂದು ಸಾಲು.

ಓಶಾ, ಅಂದರೆ ಕೆಲಸದ ಜಾಗದ ಸುರಕ್ಷತೆ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ. ಅದರ ನಿಯಮದಲ್ಲಿ ಈ ಗೆರೆ ಇರುವುದು ನಿಜ. ಗಾಯದ ಅಂಚು ಸೇರಿಸಲು ಅಂಟಿಸುವ ಟೇಪು ಪ್ರಥಮ ಚಿಕಿತ್ಸೆ, ಅಷ್ಟಕ್ಕೇ ಮುಗಿದರೆ ಬರೆಯಬೇಕಿಲ್ಲ. ಟೆಟನಸ್ ಇಂಜೆಕ್ಷನ್ ಕೂಡ ಪ್ರಥಮ ಚಿಕಿತ್ಸೆಯೇ. ಹೊಲಿಗೆ ಹಾಗಲ್ಲ, ಅದು ವೈದ್ಯಕೀಯ ಚಿಕಿತ್ಸೆ, ಫಾರ್ಮ್ 300ರಲ್ಲಿ ಬರಬೇಕು. ಆದರೆ ಡಾಕ್ಟರು ಹೊಲಿಗೆ ಬೇಕು ಅಂದ ಮೇಲೆ ಕೆಲಸಗಾರ ಬೇಡ ಅಂದರೂ ಬರೆಯಲೇಬೇಕು. ರಜೆಗೂ ಇದೇ ಮಾತು. ಡಾಕ್ಟರು ಮೂರು ದಿನ ಮನೆಯಲ್ಲಿರು ಅಂದಿದ್ದಾರೆ, ಆತ ಮರುದಿನವೇ ಕೆಲಸಕ್ಕೆ ಬಂದ ಅಂದರೂ ಲೆಕ್ಕ ಮೂರು ದಿನದ್ದೇ. ಹಾಗಾಗಿ ಡಾಕ್ಟರ ಹತ್ತಿರ ಚೌಕಾಸಿ ಮಾಡಿ ಸಿಗುವುದು ಏನೂ ಇಲ್ಲ. ಹುಡುಗನ ಕೈ ಕೆಡಬಹುದು, ಅಷ್ಟೆ.

ಈ ಚೌಕಾಸಿಯ ಬುಡದಲ್ಲಿರುವ ಭಯ ಒಂದೇ. ಬರೆದರೆ ತಪ್ಪು ನಮ್ಮದು ಅಂತ ಒಪ್ಪಿಕೊಂಡ ಹಾಗೆ, ಅನ್ನುವುದು. ಎಷ್ಟು ಸಲ ಹೇಳಿದರೂ ಇದು ತಲೆಗೆ ಹೋಗುವುದಿಲ್ಲ, ಅದಕ್ಕೇ ಇನ್ನೊಮ್ಮೆ ಹೇಳುತ್ತೇನೆ. ದಾಖಲೆಯ ನಿಯಮಗಳು, ಅಂದರೆ ಭಾಗ 1904, ಶುರುವಾಗುವಲ್ಲೇ ಇದನ್ನು ಬಿಡಿಸಿ ಹೇಳಿದ್ದಾರೆ. ಗಾಯವನ್ನು ದಾಖಲಿಸಿದರೆ ಮಾಲೀಕರ ತಪ್ಪು ಅಂತಲೂ ಅಲ್ಲ, ಕೆಲಸಗಾರನ ತಪ್ಪು ಅಂತಲೂ ಅಲ್ಲ, ನಿಯಮ ಮುರಿದಿದ್ದೀರಿ ಅಂತಲೂ ಅಲ್ಲ. ಪರಿಹಾರದ ಹಣ ಸಿಗುತ್ತದೋ ಇಲ್ಲವೋ ಅನ್ನುವುದೂ ಇದರಿಂದ ತೀರ್ಮಾನ ಆಗುವುದಿಲ್ಲ. ವಿಮೆ ಕಂಪನಿ ಕ್ಲೇಮು ತಳ್ಳಿಹಾಕಿತು ಅಂತ ಲಾಗಿನ ಸಾಲು ಹೊಡೆದುಹಾಕುವವರನ್ನೂ ನೋಡಿದ್ದೇನೆ. ಅದು ಬೇರೆ ಲೆಕ್ಕ, ಇದು ಬೇರೆ ಲೆಕ್ಕ.

ಬಚ್ಚಿಡುವುದರಲ್ಲಿ ಮಾತ್ರ ತಪ್ಪಿದೆ. ಬರೆಯಬೇಕಾದ್ದನ್ನು ಬರೆಯದಿದ್ದರೆ ಅದೇ ಉಲ್ಲಂಘನೆ. ಸಂಖ್ಯೆ ಜಾಸ್ತಿಯಾದರೆ ಗುತ್ತಿಗೆ ಕೈತಪ್ಪುತ್ತದೆ ಅನ್ನುವ ಚಿಂತೆ ನನಗೆ ಅರ್ಥವಾಗುತ್ತದೆ. 100 ಜನ ವಾರಕ್ಕೆ 40 ಗಂಟೆಯಂತೆ 50 ವಾರ ದುಡಿದರೆ 2 ಲಕ್ಷ ಗಂಟೆ. ಗಾಯದ ದರ ಅಂದರೆ ಅಷ್ಟು ಗಂಟೆಗೆ ಎಷ್ಟು ಗಾಯ ಅನ್ನುವ ಲೆಕ್ಕ. ಸಣ್ಣ ಶಾಪಿನಲ್ಲಿ ಒಂದು ಗಾಯವಾದರೂ ದರ ಸರ್ರನೆ ಏರುತ್ತದೆ. ನಿಜ, ಕಷ್ಟ ಇದೆ. ಹಾಗಂತ ಗಾಯವೇ ಆಗಿಲ್ಲ ಅನ್ನಲು ಆಗುತ್ತದಾ?

ಇನ್ನೊಂದು ಗೊಂದಲ. ಆರೇ ಜನ ಇರುವ ಲಾಂಡ್ರಿಯ ಮಾಲಕಿಯೊಬ್ಬರು ಕಾರ್ಮಿಕ ಅಂಕಿಅಂಶ ಬ್ಯೂರೋದಿಂದ ಬಂದ ಕಾಗದವನ್ನು ಹೆದರಿ ಡ್ರಾಯರಿನಲ್ಲಿ ಇಟ್ಟುಬಿಟ್ಟಿದ್ದರು. "ತಪಾಸಣೆಗೆ ಬರ್ತಾರಾ?" ಅಂತ ಕೇಳಿದರು. ಹತ್ತು ಜನ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಲಾಗ್ ಇಡಬೇಕಿಲ್ಲ. ಆದರೆ ಬ್ಯೂರೋ ತನ್ನ ಸಮೀಕ್ಷೆಗೆ ನಿಮ್ಮನ್ನು ಆರಿಸಿದರೆ ಆ ವರ್ಷ ಇಟ್ಟು ಕೊಡಬೇಕು. ಈ ಸಮೀಕ್ಷೆ 1972ರಿಂದ ನಡೆಯುತ್ತಿದೆ. ಕೊಟ್ಟ ಮಾಹಿತಿ ಅಂಕಿಅಂಶಕ್ಕೆ ಮಾತ್ರ, ಅದನ್ನು ಗುಟ್ಟಾಗಿ ಇಡಬೇಕು ಅಂತ ಕಾನೂನೇ ಇದೆ. ತಪಾಸಣೆ ಮಾಡುವ ಓಶಾ ಬೇರೆಯೇ ಸಂಸ್ಥೆ. ಸಾವಾದರೆ 8 ಗಂಟೆಯೊಳಗೆ, ಆಸ್ಪತ್ರೆಗೆ ದಾಖಲಾದರೆ, ಅಂಗ ತುಂಡಾದರೆ, ಕಣ್ಣು ಹೋದರೆ 24 ಗಂಟೆಯೊಳಗೆ ತಿಳಿಸಬೇಕಾದ್ದು ಓಶಾಗೆ. ಅದಕ್ಕೆ ಆರು ಜನರ ಲಾಂಡ್ರಿಗೂ ವಿನಾಯಿತಿ ಇಲ್ಲ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್‌ನಂಥ ರಾಜ್ಯಗಳು ತಮ್ಮದೇ ಸುರಕ್ಷತಾ ಯೋಜನೆ ನಡೆಸುತ್ತವೆ. ಹಾಗಾಗಿ ನಿಮ್ಮ ರಾಜ್ಯದ ನಿಯಮ ಒಮ್ಮೆ ನೋಡಿಕೊಳ್ಳಿ.

ತಗಡಿನ ಶಾಪಿನ ಮ್ಯಾನೇಜರ್ ಕೊನೆಗೆ ಹೊಲಿಗೆ ಹಾಕಿಸಿದರು. ವಾರದೊಳಗೆ ಲಾಗ್ ಕಳಿಸಿದರು. ಎಫ್ ಕಾಲಂನಲ್ಲಿ "ಕೈ ಗಾಯ" ಅಂತ ಎರಡೇ ಪದ. ವಾಪಸ್ ಕಳಿಸಿದೆ. ಆಮೇಲೆ ಬಂತು: "ಎಡ ಅಂಗೈ ಸೀಳು, ತಗಡಿನ ಅಂಚು ತಾಗಿ." ಇ ಕಾಲಂನಲ್ಲಿ "ಕತ್ತರಿಸುವ ಮೆಷಿನಿನ ಹಿಂಬದಿ." ಐದು ವರ್ಷದ ಲಾಗ್ ಇಟ್ಟಿರಬೇಕಲ್ಲ, ಹಳೆಯದನ್ನೂ ತೆಗೆಸಿದೆ. ಅದರಲ್ಲಿ ಇನ್ನೂ ಎರಡು "ಕೈ ಗಾಯ" ಇತ್ತು. ಎಲ್ಲಿ ಆದದ್ದು ಅಂತ ಬರೆದಿರಲಿಲ್ಲ, ಮ್ಯಾನೇಜರಿಗೂ ನೆನಪಿರಲಿಲ್ಲ. ಅವರೇ ಕೆಳಗಿಳಿದು ಶಾಪಿನಲ್ಲಿ ಕೇಳಿದರು. ಹಿರಿಯ ಕೆಲಸಗಾರರೊಬ್ಬರು ಏನೂ ಹೇಳದೆ ಆ ಮೆಷಿನಿನ ಹಿಂದಕ್ಕೆ ಕರೆದುಕೊಂಡು ಹೋಗಿ ನಿಲ್ಲಿಸಿದರಂತೆ.