ಸುಸ್ತೋ ಎಂದರೆ ಸುಸ್ತಲ್ಲ

ಆಪ್ತಸಮಾಲೋಚನೆಯ ಪಠ್ಯದಲ್ಲಿ ಅಮೆರಿಕದ ಲ್ಯಾಟಿನೋ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ, ಸಮುದಾಯಗಳ ಘಟಕ ಬಂದಾಗ ನಾನು ಎರಡು ದಿನ ಒದ್ದಾಡಿದ್ದು ಒಂದೇ ಪದಕ್ಕೆ. 'ಸುಸ್ತೋ' ಎಂದು ಓದಿದೊಡನೆ ನನ್ನ ಕನ್ನಡದ ಕಿವಿ ಅದನ್ನು 'ಸುಸ್ತು' ಮಾಡಿಬಿಟ್ಟಿತು. ಅಂಚಿನಲ್ಲಿ 'ಆಯಾಸದ ಕಾಯಿಲೆ' ಎಂದು ಬರೆದುಕೊಂಡೆ. ಸ್ಪ್ಯಾನಿಷ್‌ನಲ್ಲಿ ಅದರ ಅರ್ಥ ಬೆಚ್ಚಿಬೀಳುವುದು.

ತಪ್ಪು ಸುಲಭವಾಗಿ ಬಿಡಲೂ ಇಲ್ಲ. ಸುಸ್ತೋ ಆದವರಿಗೆ ಊಟ ಸೇರುವುದಿಲ್ಲ, ನಿದ್ದೆ ಕೆಡುತ್ತದೆ, ಯಾವುದರಲ್ಲೂ ಹುರುಪಿರುವುದಿಲ್ಲ. ನೋಡಿದರೆ ಸುಸ್ತೇ! ಆದರೆ ಮೆಕ್ಸಿಕೋ, ಮಧ್ಯ ಮತ್ತು ದಕ್ಷಿಣ ಅಮೆರಿಕ ಮೂಲದ ಅನೇಕ ಮನೆಗಳಲ್ಲಿ ಇದಕ್ಕೆ ಕೊಡುವ ವಿವರಣೆ ಬೇರೆ: ಭಾರಿ ಹೆದರಿಕೆಯ ಗಳಿಗೆಯಲ್ಲಿ ಆತ್ಮ ದೇಹ ಬಿಟ್ಟು ಹೋಗಿದೆ. ಹೆದರಿದ ಎಷ್ಟೋ ವರ್ಷಗಳ ಮೇಲೂ ತೊಂದರೆ ತಲೆದೋರಬಹುದು. ಹಾಗಾಗಿ "ಎಷ್ಟು ದಿನದಿಂದ ಹೀಗೆ?" ಎಂದು ಕೇಳಿದರೆ ಸಾಲದು, "ಯಾವಾಗಲಾದರೂ ತುಂಬ ಹೆದರಿದ್ದಿರಾ?" ಎಂದೂ ಕೇಳಬೇಕು. ಅಮೆರಿಕಕ್ಕೆ ಗಡಿ ದಾಟಿ ಬಂದ ರಾತ್ರಿಯ ಕಥೆ ಹೊರಬರುವುದು ಈ ಎರಡನೆಯ ಪ್ರಶ್ನೆಗೆ.

ಇದಕ್ಕೆ ನಾಟಿ ಚಿಕಿತ್ಸೆ ಮಾಡುವಾಕೆ ಕುರಾಂದೇರಾ. ಮೊಟ್ಟೆಯಿಂದಲೋ ಸೊಪ್ಪಿನ ಕಟ್ಟಿನಿಂದಲೋ ಮೈ ಸವರಿ, ಪ್ರಾರ್ಥನೆ ಹೇಳುತ್ತ, ಹೋದ ಆತ್ಮವನ್ನು ಮರಳಿ ಕರೆಯುತ್ತಾಳೆ. ನಮ್ಮಲ್ಲಿ ನಿವಾಳಿಸಿದಂತೆ ಎಂದುಕೊಂಡು ನಾನು ಮತ್ತೆ ಎಡವಿದೆ. ನಾವು ನಿವಾಳಿಸುವುದು ದೃಷ್ಟಿಗೆ. ದೃಷ್ಟಿಗೆ ಅವರಲ್ಲಿ 'ಮಾಲ್ ದೆ ಓಹೊ' ಎಂಬ ಪ್ರತ್ಯೇಕ ಹೆಸರೇ ಇದೆ. ದೃಷ್ಟಿ ತಾಗಲು ಇನ್ನೊಬ್ಬರ ಕಣ್ಣು ಬೇಕು, ಸುಸ್ತೋಗೆ ಬೇಕಿಲ್ಲ.

ಜೊತೆಗೆ ನೆನಪಿಡಬೇಕಾದ ಇನ್ನೊಂದು 'ಅತಾಕೆ ದೆ ನೆರ್ವಿಯೋಸ್': ಚೀರಾಟ, ಅಳು, ನಡುಕ, ಎದೆಯಿಂದ ತಲೆಗೇರುವ ಬಿಸಿ. ಪ್ಯಾನಿಕ್ ಅಟ್ಯಾಕ್ ಕಾರಣವಿಲ್ಲದೆಯೂ ಬರಬಹುದು. ಅತಾಕೆಯ ಹಿಂದೆ ಸಾಮಾನ್ಯವಾಗಿ ಸಾವೋ ಮನೆಯ ಜಗಳವೋ ಇರುತ್ತದೆ. ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿಯಾದ 2013ರ ಡಿಎಸ್‌ಎಂ-5ರಲ್ಲಿ ಸುಸ್ತೋ, ಅತಾಕೆ ಎರಡಕ್ಕೂ ಜಾಗವಿದೆ.

ಇನ್ನು ದೇವರ ಮಾತು. 'ಸಿ ದಿಯೋಸ್ ಕಿಯೆರೆ', ಅಂದರೆ ದೇವರು ಮನಸ್ಸು ಮಾಡಿದರೆ. ಮುಂದಿನ ವಾರ ಬರುತ್ತೀರಾ ಎಂದಾಗ ಹೀಗೆ ಉತ್ತರ ಬಂದರೆ ಅದನ್ನು ನಿರಾಸಕ್ತಿ ಎಂದು ಬರೆದುಕೊಳ್ಳುವುದು ಅವಸರದ ಕೆಲಸ. ನಮ್ಮ ಅಜ್ಜಿಯರೂ 'ದೇವರಿಟ್ಟ ಹಾಗೆ' ಎನ್ನುತ್ತಲೇ ಬೆಳಗ್ಗೆ ಐದಕ್ಕೆ ಎದ್ದವರು. ಅದೇ ಸ್ಪ್ಯಾನಿಷ್‌ನಲ್ಲಿ ದೇವರನ್ನು ಬೇಡುತ್ತಲೇ ಸುತ್ತಿಗೆಯನ್ನೂ ಬೀಸು ಎಂಬ ಗಾದೆಯೂ ಇದೆ. ಆದ್ದರಿಂದ ನನ್ನ ಉಪಾಯ ಇಷ್ಟೇ: "ದೇವರು ನೋಡಿಕೊಳ್ಳುತ್ತಾನೆ" ಎಂದವರಿಗೆ "ಅಲ್ಲಿಯವರೆಗೆ ನೀವು ಏನು ಮಾಡುತ್ತಿದ್ದೀರಿ?" ಎಂದು ಕೇಳುವುದು. ಉತ್ತರ ತಾನಾಗಿ ತೆರೆದುಕೊಳ್ಳುತ್ತದೆ: ಜಪಮಾಲೆ, ಚರ್ಚಿನ ಗೆಳತಿ, ಮೆಕ್ಸಿಕೋದವರು ಪೂಜಿಸುವ ಮೇರಿಯಮ್ಮ ಗ್ವಾದಲೂಪೆ ಮಾತೆಗೆ ಹೊತ್ತ ಹರಕೆ. ಪ್ರಾರ್ಥನೆಗೆ ಅಡ್ಡಿಯಾಗದ ಹಾಗೆ ಔಷಧದ ಮಾತು ಎತ್ತಲು ಅಲ್ಲಿ ದಾರಿ ಸಿಗುತ್ತದೆ. ಪಾದ್ರಿಯ ಜೊತೆ ಮಾತಾಡಬಹುದೇ ಎಂದು ಕೇಳಿ, ಒಪ್ಪಿಗೆ ಪಡೆದೇ ಮಾತಾಡಬೇಕು.

ಆದರೆ ಎಲ್ಲರ ಕೈಗೂ ಜಪಮಾಲೆ ತೊಡಿಸಬೇಡಿ. ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆಯ ಸಮೀಕ್ಷೆಯ ಪ್ರಕಾರ 2010ರಲ್ಲಿ ಅಮೆರಿಕದ ಲ್ಯಾಟಿನೋ ವಯಸ್ಕರಲ್ಲಿ ಶೇ 67ರಷ್ಟಿದ್ದ ಕ್ಯಾಥೊಲಿಕರು 2022ಕ್ಕೆ ಶೇ 43ಕ್ಕೆ ಇಳಿದಿದ್ದಾರೆ. ಶೇ 30ರಷ್ಟು ಜನ ಯಾವ ಧರ್ಮಕ್ಕೂ ಸೇರಿಲ್ಲ.

'ಉಸ್ತೆದ್' ಮತ್ತು 'ತು' ನಮ್ಮ ನೀವು, ನೀನು. ಹಿರಿಯರಿಗೆ ಯಾವುದು ಎಂದು ನಮಗೆ ಹೇಳಿಕೊಡಬೇಕಿಲ್ಲ. ಮನೆಯ ಮಕ್ಕಳನ್ನು ದುಭಾಷಿ ಮಾಡಬಾರದು; ಮಗನ ಬಾಯಿಂದ ಗಂಡನ ಮೇಲಿನ ದೂರು ಹೇಳಿಸಲು ಯಾವ ತಾಯಿಗೂ ಆಗದು.

ರೋಗಿಯ ಸಂಸ್ಕೃತಿಯ ಕಣ್ಣಿನಿಂದ ತೊಂದರೆಯನ್ನು ತಿಳಿಯಲು ಡಿಎಸ್‌ಎಂ-5 ಕೊಡುವ ಸಾಂಸ್ಕೃತಿಕ ಸಂದರ್ಶನದಲ್ಲಿ 16 ಪ್ರಶ್ನೆಗಳಿವೆ. ನನಗೆ ಹಿಡಿಸಿದ್ದು ಎರಡನೆಯದು: ಈ ತೊಂದರೆಯನ್ನು ನಿಮ್ಮ ಮನೆಯವರಿಗೆ ಹೇಗೆ ವಿವರಿಸುತ್ತೀರಿ? ತರಗತಿಯ ಅಭ್ಯಾಸದಲ್ಲಿ ರೋಗಿಯ ಪಾತ್ರದಲ್ಲಿದ್ದ ಗೆಳತಿಗೆ ಅದನ್ನೇ ಕೇಳಿದೆ. "ಸುಸ್ತೋ" ಎಂದಳು. ನನ್ನ ಪೆನ್ನು 'ಆಯಾ' ಎನ್ನುವವರೆಗೆ ಬರೆದು ನಿಂತಿತು.