ಬಿಳಿಚುಕ್ಕೆ ರೋಗ ಮತ್ತು ಸೀಗಡಿ ಮರಿಯ ಶಕ್ತಿಸಂಗ್ರಹ: ಅಧ್ಯಯನ ಟಿಪ್ಪಣಿ

ಮುಂಬಯಿಯ ವರ್ಸೋವಾದಲ್ಲಿ ಮೀನುಗಾರಿಕೆ ವಿಜ್ಞಾನ ಓದುತ್ತಿರುವ ನಾವು ಕೆಲವು ಕನ್ನಡಿಗರು ಪರೀಕ್ಷೆಗೆ ಮುನ್ನ ಒಟ್ಟಿಗೆ ಕುಳಿತು ಚರ್ಚಿಸಿದ ವಿಷಯವಿದು. ಅಘನಾಶಿನಿ ನದಿಯ ಗಜನಿಗಳಲ್ಲಿ (ಉಪ್ಪುನೀರು ನುಗ್ಗುವ ಗದ್ದೆಗಳಲ್ಲಿ) ಸೀಗಡಿ ಹಿಡಿದು ಬೆಳೆದವರಿಗೂ ಅದರ ಒಡಲೊಳಗಿನ ಜಮಾ-ಖರ್ಚು ಹೊಸದೇ.

ಸೀಗಡಿಗೆ ನಮ್ಮಂತೆ ಪ್ರತ್ಯೇಕ ಕೊಬ್ಬಿನ ಅಂಗಾಂಶವಿಲ್ಲ. ಕೊಬ್ಬು ಮುಖ್ಯವಾಗಿ ಯಕೃತ್ತಿನಂತೆ ಕೆಲಸಮಾಡುವ ಜೀರ್ಣಗ್ರಂಥಿಯಾದ ಹೆಪಟೋಪ್ಯಾಂಕ್ರಿಯಾಸ್‌ನ ಆರ್-ಕೋಶಗಳೆಂಬ ಸಂಗ್ರಹ ಕೋಶಗಳಲ್ಲಿ ಕೂಡಿರುತ್ತದೆ. ಗ್ಲೂಕೋಸಿನ ದಾಸ್ತಾನು ರೂಪವಾದ ಗ್ಲೈಕೋಜನ್ ಅಲ್ಪ ಪ್ರಮಾಣದ್ದು, ಹೀಗಾಗಿ ಪ್ರೋಟೀನ್ ಕೂಡ ಇಂಧನವಾಗಿ ಉರಿಯುತ್ತದೆ. ಮೊಟ್ಟೆಯೊಡೆದು ಬಂದ ನಾಪ್ಲಿಯಸ್ ಎಂಬ ಮೊದಲ ಹಂತದ ಮರಿ ಏನನ್ನೂ ತಿನ್ನದೆ ಭಂಡಾರದ ಬುತ್ತಿಯಲ್ಲೇ ದಿನ ಕಳೆಯುತ್ತದೆ. ಮುಂದೆ ಪ್ರತಿ ಬಾರಿ ಪೊರೆ ಕಳಚುವಾಗಲೂ ಮರಿ ಉಣ್ಣುವುದನ್ನು ನಿಲ್ಲಿಸುತ್ತದೆ. ಎಳೆಯ ಮರಿಗಳು ಮೇಲಿಂದ ಮೇಲೆ ಪೊರೆ ಬಿಡುವುದರಿಂದ ಅವುಗಳ ಉಳಿತಾಯ ಸದಾ ತೆಳುವಾಗಿಯೇ ಇರುತ್ತದೆ.

ಸೀಗಡಿಗಳನ್ನು ಕೊಲ್ಲುವ ಬಿಳಿಚುಕ್ಕೆ ರೋಗದ ವೈರಸ್ 1990ರ ದಶಕದ ಆರಂಭದಲ್ಲಿ ಪೂರ್ವ ಏಷ್ಯಾದಲ್ಲಿ ಕಾಣಿಸಿಕೊಂಡು, ಕೆಲವೇ ವರ್ಷಗಳಲ್ಲಿ ಭಾರತದ ಕೊಳಗಳನ್ನೂ ತಲುಪಿತು. ಸುಮಾರು 3 ಲಕ್ಷ ಬೇಸ್ ಜೋಡಿಗಳ ಡಿಎನ್‌ಎ ಇದ್ದರೂ ಶಕ್ತಿ ತಯಾರಿಸುವ ತನ್ನದೇ ಒಲೆಯಿಲ್ಲದ ಈ ವೈರಸ್ ಆತಿಥೇಯ ಕೋಶದ ಒಲೆಯನ್ನೇ ತನಗೆ ಬೇಕಾದಂತೆ ಹೊತ್ತಿಸಿಕೊಳ್ಳುತ್ತದೆ. ಕೊಳಗಳಲ್ಲಿ ಸಾಕುವ ವನ್ನಾಮೈ ಎಂಬ ಜಾತಿಯ ಸೀಗಡಿಯಲ್ಲಿ ಸೋಂಕು ತಗುಲಿದ ಸುಮಾರು 12 ಗಂಟೆಯ ಹೊತ್ತಿಗೆ ರಕ್ತಕೋಶಗಳು ಆಮ್ಲಜನಕವಿದ್ದಾಗಲೂ ಗ್ಲೂಕೋಸನ್ನು ಲ್ಯಾಕ್ಟೇಟ್ ಕಡೆಗೆ ಹರಿಸುತ್ತವೆ. ಕ್ಯಾನ್ಸರ್ ಕೋಶಗಳಲ್ಲಿ ಹೆಸರಾದ ವಾರ್ಬರ್ಗ್ ಪರಿಣಾಮವೇ ಇದು. ಕ್ಯಾನ್ಸರ್ ಕೋಶಗಳಲ್ಲಿ ಹೆಸರಾದ ವಾರ್ಬರ್ಗ್ ಪರಿಣಾಮವೇ ಇದು. 24 ಗಂಟೆಯ ಹೊತ್ತಿಗೆ ದಿಕ್ಕು ತಿರುಗಿ, ಹೊಸ ವೈರಸ್ ಕಣಗಳ ಹೊರಪೊರೆಗೆಂಬಂತೆ ಕೊಬ್ಬು ಮತ್ತೆ ತಯಾರಾಗುತ್ತದೆ. ನನ್ನ ಮಟ್ಟಿಗೆ ಪಾಠದ ಜೀವಾಳವೇ ಈ ತಿರುವು: ಮಾದರಿ ತೆಗೆದ ಗಂಟೆಯನ್ನು ಬರೆದಿಡದಿದ್ದರೆ ಏರಿಳಿತದ ಅಂಕಿಗಳಿಗೆ ಅರ್ಥವೇ ಹುಟ್ಟದು.

ಇನ್ನೊಂದು ತೊಡಕಿದೆ. ರೋಗಪೀಡಿತ ಸೀಗಡಿ ಮೇವು ತಿನ್ನುವುದನ್ನೇ ಬಿಡುತ್ತದೆ. ಆದ್ದರಿಂದ ಗ್ಲೈಕೋಜನ್ ಕುಸಿದದ್ದು ವೈರಸ್ಸಿನಿಂದಲೋ ಬರೀ ಹಸಿವಿನಿಂದಲೋ ಎಂಬುದು ಆ ಅಂಕಿಯೊಂದರಿಂದಲೇ ತಿಳಿಯದು. ರಕ್ತದಲ್ಲಿ ಗ್ಲೂಕೋಸ್ ಹೆಚ್ಚಿದ್ದರೂ ಮೋಸಹೋಗಬಾರದು, ಏಕೆಂದರೆ ಕಣ್ಣುಕಾಂಡದ ಹಾರ್ಮೋನು ಬಲೆಗೆ ಸಿಕ್ಕ ಗಾಬರಿಗೂ ಅದನ್ನು ಏರಿಸಬಲ್ಲದು. ಹಾಗಾಗಿ ಪ್ರಯೋಗದಲ್ಲಿ ಉಂಡ ಆರೋಗ್ಯವಂತ ಗುಂಪಿನ ಪಕ್ಕದಲ್ಲಿ ಉಪವಾಸವಿಟ್ಟ ಆರೋಗ್ಯವಂತ ಗುಂಪೂ ಇರಬೇಕು. ಎಲ್ಲ ಗುಂಪುಗಳಲ್ಲೂ ಪೊರೆ ಕಳಚುವಿಕೆಯ ಒಂದೇ ಹಂತದ ಮರಿಗಳನ್ನು ಆರಿಸಬೇಕು.